ಹಳೆ ಕಪಾಟಿಗೆ ಹರಾಜಿನಲ್ಲಿ ಎಷ್ಟು ಬರುತ್ತದೆ?

ತಿಂಗಳಿಗೆ ನಾಲ್ಕೈದು ಮಂದಿಯಾದರೂ ಇದೇ ಪ್ರಶ್ನೆ ಕೇಳುತ್ತಾರೆ. ಜೊತೆಗೆ ಒಂದು ಮಬ್ಬು ಫೋಟೊ ಕಳಿಸಿರುತ್ತಾರೆ. ಬೈಲಹೊಂಗಲದ ಮನೆಯ ಅಟ್ಟದಿಂದ ಇಳಿಸಿದ ಪೆಟ್ಟಿಗೆ, ಜಮಖಂಡಿಯ ಅಜ್ಜ ಕೂರುತ್ತಿದ್ದ ಆರಾಮ ಕುರ್ಚಿ, ವಿಜಯಪುರದ ಹಳೆ ಮನೆಯ ತೂಗುಮಂಚ. “ಇದಕ್ಕ ಎಷ್ಟ ಬರ್ತದರೀ? ಮುಂಬೈದಾಗ ಇಂಥಾದ್ದ ಒಂದು ನಾಕ ಲಕ್ಷಕ್ಕ ಹೋತಂತ.”

ಹೋಗಿರಬಹುದು. ಮುಂದಿನ ತಿಂಗಳು ಅದೇ ಹರಾಜಿನಲ್ಲಿ ಅದರ ಜೋಡಿ ಕುರ್ಚಿಯನ್ನು ಯಾರೂ ಕೇಳದೆ ಅದು ವಾಪಸ್ ಬಂದಿರಲೂಬಹುದು. ಎರಡೂ ಹೇಗೆ ಸಾಧ್ಯ ಅನ್ನುವುದೇ ಈ ಲೇಖನ. ಮಾರುವವರಿಗೂ ಕೊಳ್ಳುವವರಿಗೂ ಸೇರಿಸಿಯೇ ಬರೆದಿದ್ದೇನೆ. ಇಬ್ಬರೂ ಒಂದೇ ಹಗ್ಗದ ಎರಡು ತುದಿ ಹಿಡಿದವರು, ಅಲ್ವಾ?

ಮೊದಲು ಒಂದು ಮಾತು: ಬೆಲೆ ಕಟ್ಟುವವನು ಸೋತವನು

ಹರಾಜನ್ನು ನಮ್ಮ ಕಡೆ ಸವಾಲು ಅಂತಲೂ ಲಿಲಾವು ಅಂತಲೂ ಅನ್ನುತ್ತೇವೆ. ಅದು ನಮಗೆ ಹೊಸದಲ್ಲ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲ ಸವಾಲಿಗೆ ಬರುತ್ತದೆ. ಜಾತ್ರೆಯಲ್ಲಿ ದೇವರ ತೆಂಗಿನಕಾಯಿ ಸವಾಲಿಗೆ ಇಟ್ಟಾಗ ಇಬ್ಬರು ಹಟಕ್ಕೆ ಬಿದ್ದರೆ ಸಾವಿರ, ಹತ್ತು ಸಾವಿರ, ಲಕ್ಷ ಅಂತ ಏರುವುದನ್ನು ಕಂಡಿದ್ದೀರಿ. ಕಾಯಿ ಅದೇ ಕಾಯಿ. ಆ ಎರಡನೆಯವನು ಅವತ್ತು ಜಾತ್ರೆಗೆ ಬಾರದೇ ಇದ್ದಿದ್ದರೆ ನೂರಿನ್ನೂರಕ್ಕೆ ಮುಗಿಯುತ್ತಿತ್ತು.

ಕುರ್ಚಿಯದೂ ಇಷ್ಟೇ. ನೀವು 90 ಸಾವಿರದವರೆಗೂ ಹೋಗಲು ತಯಾರಿದ್ದೀರಿ ಅನ್ನೋಣ. ಎದುರಿನವನು 31 ಸಾವಿರಕ್ಕೆ ಸುಮ್ಮನಾದರೆ ನಿಮಗದು 32ಕ್ಕೆ ಸಿಗುತ್ತದೆ. ಅವನು 85ರವರೆಗೆ ಬಂದರೆ ನೀವು 86 ಕೊಡುತ್ತೀರಿ. ಕುರ್ಚಿ ಬದಲಾಗಲಿಲ್ಲ, ನೀವೂ ಬದಲಾಗಲಿಲ್ಲ. ಬೆಲೆಯನ್ನು ನಿಲ್ಲಿಸಿದ್ದು ಸೋತ ಆ ಮನುಷ್ಯ. ಹಾಗಾಗಿ “ಇದರ ಬೆಲೆ ಎಷ್ಟು” ಅನ್ನುವುದಕ್ಕಿಂತ “ಇದನ್ನು ಬಯಸುವ ಎರಡನೆಯ ಮನುಷ್ಯ ಅವತ್ತು ಅಲ್ಲಿರುತ್ತಾನಾ” ಅಂತ ಕೇಳಿ. ಮುಂದಿನ ಪ್ರತಿ ಹಂತದಲ್ಲೂ ನಾವು ಹುಡುಕುವುದು ಅವನನ್ನೇ.

ಕೈಯಲ್ಲಿ ಬೇಕಾದದ್ದು: ಅಳತೆ ಟೇಪು, ಟಾರ್ಚು, ಒಂದು ನೋಟ್‌ಬುಕ್, ಹಗಲು ಬೆಳಕು. ಸಿಕ್ಕರೆ ಅರವತ್ತು ದಾಟಿದ ಒಬ್ಬ ಬಡಿಗ. ಅರ್ಧ ತಾಸು ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಹತ್ತು ಲೇಖನ ಓದಿದ್ದಕ್ಕಿಂತ ಜಾಸ್ತಿ ತಿಳಿಯುತ್ತದೆ.

1. ತಲೆಕೆಳಗು ಮಾಡಿ ನೋಡಿ

ಪೀಠೋಪಕರಣದ ಮುಂಭಾಗ ಸುಳ್ಳು ಹೇಳಬಹುದು. ತಳ ಮತ್ತು ಬೆನ್ನು ಅಷ್ಟು ಸುಲಭಕ್ಕೆ ಹೇಳುವುದಿಲ್ಲ. ಅಲ್ಲಿಗೆ ಯಾರೂ ಪಾಲಿಶ್ ಹಚ್ಚುವುದಿಲ್ಲ.

ಮೊದಲು ಡ್ರಾ ಹೊರಗೆ ಎಳೆಯಿರಿ. ಮೂಲೆಯಲ್ಲಿ ಎರಡು ಹಲಗೆ ಕೂಡುವ ಕಡೆ ಪಾರಿವಾಳದ ಬಾಲದ ಹಾಗೆ ತುದಿಗೆ ಅಗಲವಾಗುವ ಹಲ್ಲುಗಳಿರುತ್ತವೆ. ಇದೇ ಡವ್‌ಟೇಲ್ ಜೋಡಣೆ. ಕೈಯಲ್ಲಿ ಕೊರೆದದ್ದಾದರೆ ಹಲ್ಲುಗಳು ಒಂದರಂತೆ ಒಂದಿರುವುದಿಲ್ಲ. ಎಲ್ಲವೂ ಅಚ್ಚು ಹಾಕಿದಂತಿದ್ದರೆ ಯಂತ್ರದ ಕೆಲಸ. ಹಲಗೆಯ ಒರಟು ಬದಿಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಗರಗಸದ ಗೆರೆ ನೇರವಾಗಿ, ಹೆಚ್ಚುಕಡಿಮೆಯಾಗಿ ಇದ್ದರೆ ಕೈಗರಗಸ. ಬಿಲ್ಲಿನ ಹಾಗೆ ಬಾಗಿದ್ದರೆ ತಿರುಗುವ ಯಂತ್ರದ ಗರಗಸ.

ಸ್ಕ್ರೂ ನೋಡಿ. ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ (+) ಗೀರು ಇರುವ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. “ನೂರೈವತ್ತು ವರ್ಷದ್ದು” ಅನ್ನುವ ಕಪಾಟಿನಲ್ಲಿ ಅದು ಕಂಡರೆ ಒಂದೋ ಆಮೇಲೆ ರಿಪೇರಿ ಆಗಿದೆ, ಇಲ್ಲವೇ ಮಾತು ಸುಳ್ಳು. ಯಾವುದು ಅನ್ನುವುದು ಸ್ಕ್ರೂ ಬಿಚ್ಚಿದರೆ ಗೊತ್ತಾಗುತ್ತದೆ. ಪಕ್ಕದಲ್ಲಿ ಹಳೆ ತೂತು ಇದ್ದರೆ ರಿಪೇರಿ. ದುಂಡು ಮೇಜಿದ್ದರೆ ಟೇಪಿನಿಂದ ಎರಡು ದಿಕ್ಕಿಗೆ ಅಳೆಯಿರಿ. ಕಟ್ಟಿಗೆ ವರ್ಷ ಕಳೆದಂತೆ ಎಳೆಯ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ. ನಿಜವಾದ ಹಳೆ ದುಂಡು ಮೇಜು ಸ್ವಲ್ಪ ಮೊಟ್ಟೆಯಾಗಿರುತ್ತದೆ. ಎರಡೂ ಕಡೆ ಕರಾರುವಾಕ್ಕಾಗಿ ಒಂದೇ ಅಳತೆ ಬಂದರೆ ಅನುಮಾನಪಡಿ.

ಕಟ್ಟಿಗೆ ಯಾವುದು? ನಮ್ಮ ಭಾಗದಲ್ಲಿ ಸಿಗುವುದರಲ್ಲಿ ಜಾಸ್ತಿ ಪಾಲು ಸಾಗವಾನಿ, ಅಂದರೆ ತೇಗ. ಬೀಟೆ ಅದಕ್ಕಿಂತ ಕಪ್ಪು, ಎತ್ತಿದರೆ ಭಾರ. ಹೊರಗಡೆ ಕಪ್ಪು ಬಣ್ಣ ಬಳಿದ ಬೇರೆ ಕಟ್ಟಿಗೆಯನ್ನು ಬೀಟೆ ಅಂತ ದಾಟಿಸುವುದು ಹಳೆ ಆಟ. ತಳದಲ್ಲಿ ಉಗುರಿನಿಂದ ಕೆರೆದು ನೋಡಿ.

ಒಂದು ಅಪಾಯದ ಬಗ್ಗೆ ಎಚ್ಚರ. ಮೇಲಿನ ಗಾಜಿನ ಕಪಾಟು ಒಂದು ಮನೆಯದು, ಕೆಳಗಿನ ಡ್ರಾ ಇರುವ ಭಾಗ ಇನ್ನೊಂದು ಮನೆಯದು, ಎರಡನ್ನೂ ಕೂಡಿಸಿ ಒಂದೇ ಅಂತ ಮಾರುತ್ತಾರೆ. ಹರಾಜಿನವರ ಭಾಷೆಯಲ್ಲಿ ಇದಕ್ಕೆ ‘ಮದುವೆ’ ಅನ್ನುತ್ತಾರೆ. ಮೇಲಿನ ಭಾಗದ ಬೆನ್ನ ಹಲಗೆಯನ್ನೂ ಕೆಳಗಿನದನ್ನೂ ಹೋಲಿಸಿದರೆ ಸಾಕು, ಗೋತ್ರ ಬೇರೆ ಅಂತ ಗೊತ್ತಾಗುತ್ತದೆ. ಇಂಥ ಜೋಡಿಗೆ ಅರ್ಧ ಬೆಲೆಯೂ ಬರುವುದು ಕಷ್ಟ. ತಿಳಿದ ಗಿರಾಕಿ ಮೊದಲೇ ಎದ್ದು ಹೋಗಿರುತ್ತಾನೆ.

ಇನ್ನು ಕಥೆಗಳು. ಬೆಳಗಾವಿ ಸೀಮೆಯಲ್ಲಿ ಸಿಗುವ ಅರ್ಧ ಪೆಟ್ಟಿಗೆಗಳು ಕಿತ್ತೂರು ಸಂಸ್ಥಾನದ್ದಂತೆ. ವಿಜಯಪುರದಲ್ಲಿ ಆದಿಲಶಾಹಿ ಕಾಲದ್ದಂತೆ. ಆದಿಲಶಾಹಿ ಮುಗಿದದ್ದು 1686ರಲ್ಲಿ. ಡ್ರಾ ಇರುವ ಬರೆಯುವ ಮೇಜು, ಕನ್ನಡಿ ಕೂಡಿಸಿದ ಡ್ರೆಸಿಂಗ್ ಟೇಬಲ್ಲು ಆಗಿನ ಮನೆಗಳ ಸಾಮಾನಲ್ಲ. ಹಾಗೆ ನೋಡಿದರೆ ಬೆಳಗಾವಿಯಲ್ಲಿ ನಿಜವಾಗಿ ಹುಡುಕಬೇಕಾದದ್ದು ಬೇರೆ. ಕ್ಯಾಂಪ್ ಪ್ರದೇಶದಲ್ಲಿ ಬ್ರಿಟಿಷ್ ದಂಡು ಇತ್ತು. ಬಿಚ್ಚಿ ಜೋಡಿಸಬಹುದಾದ, ಮೂಲೆಗೆ ಹಿತ್ತಾಳೆ ಪಟ್ಟಿ ಬಡಿದ ಪ್ರಯಾಣದ ಪೀಠೋಪಕರಣಗಳನ್ನು ಸೈನ್ಯದ ಅಧಿಕಾರಿಗಳು ಊರಿಂದೂರಿಗೆ ಒಯ್ಯುತ್ತಿದ್ದರು. ಹರಾಜಿನಲ್ಲಿ ಇವನ್ನು ‘ಕ್ಯಾಂಪೇನ್’ ಪೀಠೋಪಕರಣ ಅನ್ನುತ್ತಾರೆ. ಪಕ್ಕದ ಗೋವಾದಿಂದ ಪೋರ್ಚುಗೀಸ್ ಛಾಯೆಯ ಕೆತ್ತನೆ ಕುರ್ಚಿಗಳೂ ಘಟ್ಟ ಹತ್ತಿ ಬಂದಿವೆ. ಸುಳ್ಳು ಕಿತ್ತೂರಿಗಿಂತ ನಿಜವಾದ ಕ್ಯಾಂಪಿಗೆ ದುಡ್ಡು ಜಾಸ್ತಿ.

2. ಕಾನೂನು: ಇದನ್ನು ಹಾರಿಸಿ ಮುಂದೆ ಹೋಗಬೇಡಿ

1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ ಜಾರಿಗೆ ಬಂದದ್ದು 1976ರಲ್ಲಿ. ಇದರ ಪ್ರಕಾರ ಕನಿಷ್ಠ 100 ವರ್ಷ ಹಳೆಯ ಕರಕುಶಲ ವಸ್ತು ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ದೇಶದೊಳಗೆ ಮಾರುವುದಕ್ಕೆ ತಡೆಯಿಲ್ಲ, ಆದರೆ ಇದನ್ನೇ ವ್ಯಾಪಾರವಾಗಿ ಮಾಡುವವರಿಗೆ ಪರವಾನಗಿ ಇರಬೇಕು. ದೇವರ ಮೂರ್ತಿ, ಕೆತ್ತಿದ ಕಟ್ಟಿಗೆಯ ಶಿಲ್ಪ ಇಂಥವಕ್ಕೆ ನೋಂದಣಿಯ ನಿಯಮ ಬೇರೆ ಇದೆ. ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವೃತ್ತದ ಕಛೇರಿಯಲ್ಲಿ ಕೇಳಿ.

ಬೆಲೆಗೂ ಇದಕ್ಕೂ ಏನು ಸಂಬಂಧ? ಭಾರೀ ಸಂಬಂಧ. ಹೊರದೇಶಕ್ಕೆ ಹೋಗದ ವಸ್ತುವಿಗೆ ಲಂಡನ್ನು, ಪ್ಯಾರಿಸ್ಸಿನ ಎರಡನೆಯ ಗಿರಾಕಿ ಇರುವುದಿಲ್ಲ. ಅಲ್ಲಿಯ ಹರಾಜಿನ ಅಂಕಿ ನೋಡಿ ಇಲ್ಲಿ ಕನಸು ಕಾಣುವುದು ದಂಡ. ಬೀಟೆಗೆ ಇನ್ನೊಂದು ಗಂಟು: 2017ರಿಂದ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ನಿಯಂತ್ರಣದ ಪಟ್ಟಿಯಲ್ಲಿದೆ. ನೂರು ವರ್ಷ ತುಂಬದ ಬೀಟೆ ಮೇಜನ್ನು ಹೊರಗೆ ಕಳಿಸಬೇಕೆಂದರೂ ಕಾಗದಪತ್ರ ಬೇಕು.

ಆನೆದಂತ ಕೂಡಿಸಿದ ಪೆಟ್ಟಿಗೆ, ಮೇಜು ಇದ್ದರೆ ಮಾರಾಟದ ಯೋಚನೆ ಬಿಟ್ಟುಬಿಡಿ. ಭಾರತದ ಆನೆಯ ದಂತದ ವ್ಯಾಪಾರ 1986ರಲ್ಲೂ, ಆಫ್ರಿಕಾದ ದಂತದ್ದು 1991ರಲ್ಲೂ ನಿಂತಿತು. “ಅಜ್ಜನ ಕಾಲದ್ದು” ಅನ್ನುವುದು ನಡೆಯುವುದಿಲ್ಲ. ಹಳೆ ಮನೆ ಬಿಚ್ಚಿದ ತೊಲೆ, ಹಲಗೆ ಸಾಗಿಸುವುದಿದ್ದರೆ ಲಾರಿ ಹತ್ತಿಸುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

3. ಹರಾಜಿನ ಮಾತು, ಹರಾಜಿನ ಲೆಕ್ಕ

ನಾಲ್ಕು ಪದ ಗೊತ್ತಿದ್ದರೆ ಸಾಕು.

ಅಂದಾಜು ಬೆಲೆ: ಕ್ಯಾಟಲಾಗಿನಲ್ಲಿ “40 ಸಾವಿರದಿಂದ 60 ಸಾವಿರ” ಅಂತ ಅಚ್ಚು ಹಾಕುವುದು. ಇದು ಭರವಸೆಯಲ್ಲ, ಗಾಳ. ಬೇಕೆಂದೇ ಕಡಿಮೆ ಬರೆದು ಜನರನ್ನು ಕೂಡಿಸುವುದೂ ಉಂಟು.

ಮೀಸಲು ಬೆಲೆ: ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಅಂತ ಮಾರುವವರು ಹರಾಜುಗಾರರ ಜೊತೆ ಒಳಗೇ ಮಾಡಿಕೊಂಡ ಗೆರೆ. ಸಾಮಾನ್ಯವಾಗಿ ಹೊರಗೆ ಹೇಳುವುದಿಲ್ಲ.

ಸುತ್ತಿಗೆ ಬೆಲೆ: “ಮೂರು ಸಾರಿ” ಅಂತ ಸುತ್ತಿಗೆ ಬಡಿದಾಗ ನಿಂತ ಅಂಕಿ.

ಕೊಳ್ಳುವವರ ಪ್ರೀಮಿಯಂ: ಸುತ್ತಿಗೆ ಬೆಲೆಯ ಮೇಲೆ ಹರಾಜುಮನೆ ಕೊಂಡವರಿಂದ ವಸೂಲು ಮಾಡುವ ಶೇಕಡಾವಾರು. ಲಂಡನ್ನಿನ ಕ್ರಿಸ್ಟೀಸ್, ಸದಬೀಸ್ ಎರಡೂ ಇದನ್ನು 1975ರಲ್ಲಿ ಶುರು ಮಾಡಿದವು. ಈಗ ಎಲ್ಲ ದೊಡ್ಡ ಹರಾಜುಮನೆಗಳಲ್ಲೂ ಇದೆ.

ಹೆಚ್ಚಿನವರು ಎಡವುವುದು ಇಲ್ಲೇ. ಲೆಕ್ಕಕ್ಕೆ ಅಂತ ಕೆಲವು ಅಂಕಿ ಹಿಡಿಯೋಣ. ಕುರ್ಚಿ 40,000ಕ್ಕೆ ನಿಮ್ಮದಾಯಿತು. ಪ್ರೀಮಿಯಂ ಶೇ 20 ಅಂದರೆ 8,000. ಅದರ ಮೇಲೆ ಜಿಎಸ್‌ಟಿ ಶೇ 18 ಹಿಡಿದರೆ 1,440. ಮುಂಬೈಯಿಂದ ಬೆಳಗಾವಿಗೆ ಸಾಗಣೆ, ಹಮಾಲಿ ಸೇರಿ 9,000. ಬೆತ್ತ ಹೊಸದಾಗಿ ಹೆಣೆಸಲು, ಕಾಲು ಗಟ್ಟಿ ಮಾಡಿಸಲು 6,000. ಒಟ್ಟು 64,440. ನಲವತ್ತು ಸಾವಿರದ ಕುರ್ಚಿ ಮನೆಗೆ ಬರುವಷ್ಟರಲ್ಲಿ ಅರವತ್ನಾಲ್ಕು ದಾಟಿತು. ವಸ್ತುವಿನ ಮೇಲೇ ಬೇರೆ ತೆರಿಗೆ ಇದ್ದರೆ ಅದು ಇನ್ನೂ ಮೇಲೆ.

ಅದಕ್ಕೇ ಲೆಕ್ಕವನ್ನು ಹಿಂದುಮುಂದು ಮಾಡಿ. ನಿಮ್ಮ ಕಿಸೆಯಿಂದ ಎಲ್ಲ ಸೇರಿ ಹೋಗಬಹುದಾದದ್ದು 50,000 ಅನ್ನೋಣ. ಸಾಗಣೆ, ರಿಪೇರಿ 15,000 ಕಳೆಯಿರಿ. ಉಳಿದದ್ದು 35,000. ಇದನ್ನು 1.236ರಿಂದ ಭಾಗಿಸಿ. ಸುತ್ತಿಗೆ ಬೆಲೆ ಒಂದು ರೂಪಾಯಿ ಇದ್ದರೆ ಪ್ರೀಮಿಯಂ, ಅದರ ತೆರಿಗೆ ಸೇರಿ ನೀವು ಕೊಡುವುದು ಅಷ್ಟು. ಸುಮಾರು 28,300 ಬರುತ್ತದೆ. ಅಂದರೆ 28 ಸಾವಿರಕ್ಕೆ ಕೈ ಕೆಳಗೆ. ಈ ಅಂಕಿಯನ್ನು ಮನೆಯಲ್ಲೇ ಅಂಗೈ ಮೇಲೆ ಬರೆದುಕೊಂಡು ಹೋಗಿ. ನಗಬೇಡಿ, ನಾನು ಹಾಗೆಯೇ ಮಾಡುತ್ತೇನೆ.

4. ಯಾವ ಸವಾಲು? ಎಲ್ಲಿ ಯಾರು ಕೂತಿರುತ್ತಾರೆ?

ಮುಂಬೈಯ ದೊಡ್ಡ ಹರಾಜುಮನೆಗಳು ಅಂದರೆ ಸ್ಯಾಫ್ರನ್‌ಆರ್ಟ್, ಆಸ್ತಗುರು, ಪಂಡೋಲ್ಸ್. ಅವರು ಸೋಸಿ ಸೋಸಿ ತೆಗೆದುಕೊಳ್ಳುತ್ತಾರೆ. ಸಾಧಾರಣ ಸಾಗವಾನಿ ಕಪಾಟನ್ನು ಮುಟ್ಟುವುದೂ ಅನುಮಾನ. ಆದರೆ ತೆಗೆದುಕೊಂಡರೆ ದೇಶದ ಎಲ್ಲ ಕಡೆಯಿಂದ ಆನ್‌ಲೈನ್‌ನಲ್ಲಿ ಕೂಗುವ ಗಿರಾಕಿ ಸಿಗುತ್ತಾನೆ. ಇದರ ಇನ್ನೊಂದು ತುದಿ ಕೋಲ್ಕತ್ತದ ರಸೆಲ್ ಸ್ಟ್ರೀಟ್. ಅಲ್ಲಿ 1940ರಲ್ಲಿ ಶುರುವಾದ ರಸೆಲ್ ಎಕ್ಸ್‌ಚೇಂಜ್‌ನ ಭಾನುವಾರದ ಹರಾಜು ಹೆಸರುವಾಸಿ. ಝಗಮಗ ದೀಪದಿಂದ ಹಿಡಿದು ಕಾಲು ಮುರಿದ ಸ್ಟೂಲಿನವರೆಗೂ ಅಲ್ಲಿ ಹೋಗುತ್ತದೆ.

ಸರ್ಕಾರಿ ಕಛೇರಿಗಳ ಹಳೆ ಸಾಮಾನು ಎಂಎಸ್‌ಟಿಸಿ ಎಂಬ ಕೇಂದ್ರ ಸರ್ಕಾರದ ಕಂಪನಿಯ ಇ-ಹರಾಜಿನಲ್ಲಿ ಬರುವುದುಂಟು. ಮೊದಲು ನೋಂದಣಿ, ಆಮೇಲೆ ಇಎಂಡಿ, ಅಂದರೆ ಮುಂಗಡ ಠೇವಣಿ. ಗೆದ್ದು ದುಡ್ಡು ಕಟ್ಟದಿದ್ದರೆ ಠೇವಣಿ ಹೋಯಿತು. ಇಲ್ಲಿಯ ಷರತ್ತು “ಇದ್ದಲ್ಲಿ, ಇದ್ದ ಹಾಗೆ”. ಗೆದ್ದ ಮೇಲೆ ಗೆದ್ದಲು ಕಂಡೆ ಅಂತ ಕೂಗಿದರೆ ಕೇಳುವವರಿಲ್ಲ. ಜೊತೆಗೆ ಒಂದೇ ಗುಂಪಿನಲ್ಲಿ ಮೂವತ್ತು ಕುರ್ಚಿ, ಹತ್ತು ಕಬ್ಬಿಣದ ರ‍್ಯಾಕು, ಒಂದು ಕೆಟ್ಟ ಕೂಲರ್ ಇರಬಹುದು. ನಿಮಗೆ ಬೇಕಾದದ್ದು ಅದರಲ್ಲಿ ಎರಡೇ ಕುರ್ಚಿ ಆದರೂ ಕೂಲರನ್ನೂ ಹೊತ್ತು ತರಬೇಕು.

ಹಾಗಂತ ಈ ಗುಜರಿ ಹರಾಜನ್ನು ತಾತ್ಸಾರ ಮಾಡಬೇಡಿ. ಚಂಡೀಗಢ ಕಟ್ಟುವಾಗ 1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯರ್ ಜಾನರೆ ಮತ್ತು ಸಂಗಡಿಗರು ಅಲ್ಲಿಯ ಕಛೇರಿ, ಕಾಲೇಜುಗಳಿಗೆ ಸಾಗವಾನಿ, ಬೆತ್ತದ ಕುರ್ಚಿಗಳನ್ನು ರೂಪಿಸಿದ್ದರು. ದಶಕಗಳ ನಂತರ ಕಛೇರಿಗಳು ಅವನ್ನು ಹಳೆ ಸಾಮಾನು ಅಂತ ಕಡಿಮೆ ದುಡ್ಡಿಗೆ ಹರಾಜು ಹಾಕಿದವು. ಕೊಂಡ ವಿದೇಶಿ ವ್ಯಾಪಾರಿಗಳು ದುರಸ್ತಿ ಮಾಡಿಸಿ, ಪುಸ್ತಕ, ಪ್ರದರ್ಶನ ಮಾಡಿ, ಯೂರೋಪು, ಅಮೆರಿಕದ ಹರಾಜಿಗೆ ಇಟ್ಟರು. ಅಲ್ಲಿ ಒಂದೊಂದು ಕುರ್ಚಿಯೂ ಲಕ್ಷಗಳ ಲೆಕ್ಕಕ್ಕೆ ಹೋಯಿತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಮಾರಾಟಕ್ಕೆ ತಡೆ ಹಾಕುವಷ್ಟರಲ್ಲಿ ಬಹಳಷ್ಟು ಹೊರಟುಹೋಗಿತ್ತು. ಗುಜರಿಯ ದಿನ ಅಲ್ಲಿ ಇದ್ದವರು ಕಟ್ಟಿಗೆಯ ತೂಕ ನೋಡುವವರು. ಪ್ಯಾರಿಸ್ಸಿನಲ್ಲಿ ಕೂತವರು ಹೆಸರು ನೋಡುವವರು. ಇನ್ನೊಂದನ್ನೂ ಗಮನಿಸಿ: ಈ ಕುರ್ಚಿಗಳಿಗೆ ನೂರು ವರ್ಷ ಇನ್ನೂ ತುಂಬಿಲ್ಲ. ವಯಸ್ಸೊಂದೇ ಬೆಲೆಯಲ್ಲ. ಈಗ ಇದೇ ಹೆಸರಿನಲ್ಲಿ ನಕಲು ಧಾರಾಳ ಸಿಗುತ್ತದೆ, ಹುಷಾರು.

ಕೊನೆಯದು ಊರ ಸವಾಲು. ವಾಡೆ ಪಾಲಾದಾಗ, ಹಳೆ ಮನೆ ಕೆಡವುವಾಗ ಅಂಗಳದಲ್ಲೇ ನಡೆಯುವಂಥದ್ದು. ಅಲ್ಲಿ ಕಾಗದಪತ್ರ ಕಡಿಮೆ, ನೆಂಟಸ್ತಿಕೆ ಜಾಸ್ತಿ. ಸೋದರತ್ತೆಯ ಮಗನ ಎದುರು ಯಾರು ಬೆಲೆ ಏರಿಸುತ್ತಾರೆ? ಕೊಳ್ಳುವವರಿಗೆ ಒಳ್ಳೆಯ ಜಾಗ, ಮಾರುವವರಿಗೆ ಕೆಟ್ಟದ್ದು.

5. ಏರಿಸುವುದು ಏನು?

ಹೆಸರು ಮತ್ತು ಹಿಂದಿನ ಒಡೆತನದ ಪುರಾವೆ. 2009ರ ಫೆಬ್ರವರಿಯಲ್ಲಿ, ಜಗತ್ತಿನ ಆರ್ಥಿಕ ಸ್ಥಿತಿ ಹದಗೆಟ್ಟಿದ್ದ ಹೊತ್ತಿನಲ್ಲೇ, ಪ್ಯಾರಿಸ್ಸಿನಲ್ಲಿ ವಿನ್ಯಾಸಕಿ ಐಲೀನ್ ಗ್ರೇ ಮಾಡಿದ ‘ಡ್ರ್ಯಾಗನ್’ ಕುರ್ಚಿ ಹರಾಜಿಗೆ ಬಂತು. ಅಂದಾಜು 20ರಿಂದ 30 ಲಕ್ಷ ಯೂರೋ. ಹೋದದ್ದು ಸುಮಾರು 2 ಕೋಟಿ 19 ಲಕ್ಷ ಯೂರೋಗೆ. ಆ ಕುರ್ಚಿ ಫ್ಯಾಷನ್ ಲೋಕದ ಈವ್ ಸಾಂ ಲೊರಾಂ ಮನೆಯಲ್ಲಿದ್ದದ್ದು. ಅಂಥ ಕುರ್ಚಿ ಇನ್ನೊಂದಿಲ್ಲ, ಅಂಥ ಮನೆಯೂ ಇನ್ನೊಂದಿಲ್ಲ. ಅಂದಾಜಿಗಿಂತ ಏಳೆಂಟು ಪಟ್ಟು ಏರಲು ಹಟ ಬಿಡದ ಇಬ್ಬರಿದ್ದರೆ ಸಾಕು.

ಇನ್ನೂ ಮೇಲಿನದು ಬ್ಯಾಡ್ಮಿಂಟನ್ ಕ್ಯಾಬಿನೆಟ್. ಫ್ಲಾರೆನ್ಸ್‌ನಲ್ಲಿ ಬಣ್ಣದ ಕಲ್ಲು ಕೂರಿಸಿ ಮಾಡಿದ 18ನೇ ಶತಮಾನದ ಕಪಾಟು ಅದು. 1990ರಲ್ಲಿ ಸುಮಾರು 86 ಲಕ್ಷ ಪೌಂಡು, 2004ರಲ್ಲಿ ಸುಮಾರು 1 ಕೋಟಿ 90 ಲಕ್ಷ ಪೌಂಡು. ಆ ಎರಡನೆಯ ಮಾರಾಟದ ಹೊತ್ತಿಗೆ ಇಂಗ್ಲೆಂಡಿನ ಸಾಧಾರಣ ಮಹಾಗನಿ ಮೇಜುಗಳ ಬೆಲೆ ಕುಸಿಯಲು ಹತ್ತಿತ್ತು. ಮಾರುಕಟ್ಟೆ ಏರಿತು, ಇಳಿಯಿತು ಅಂತ ಒಟ್ಟಿಗೆ ಹೇಳುವುದರಲ್ಲಿ ಅರ್ಥವಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ.

ನಮ್ಮ ಮಟ್ಟಕ್ಕೆ ಇಳಿಯೋಣ. “ದೇಸಾಯರ ವಾಡೆಯದು” ಅನ್ನುವ ಬಾಯಿಮಾತಿಗೆ ಬೆಲೆಯಿಲ್ಲ. ಆದರೆ ಅದೇ ವಾಡೆಯ ಪಡಸಾಲೆಯಲ್ಲಿ ಅದೇ ಕುರ್ಚಿ ಕಾಣುವ ಹಳೆ ಫೋಟೊ ಇದ್ದರೆ ಅದು ದುಡ್ಡು. ಅಂಗಡಿಯ ಹಳೆ ರಸೀದಿ, ಪಾಲುಪಟ್ಟಿಯಲ್ಲಿ ಬರೆದ ಸಾಲು, ತಳದಲ್ಲಿ ಅಂಟಿಸಿದ ತಯಾರಕರ ಚೀಟಿ ಎಲ್ಲವೂ ದುಡ್ಡೇ. ಮನೆ ಸ್ವಚ್ಛ ಮಾಡುವಾಗ ಆ ಚೀಟಿ ಕೆರೆದು ತೆಗೆಯಬೇಡಿ.

ಉಳಿದವು ಚುಟುಕಾಗಿ. ಜೋಡಿಗೆ ಒಂಟಿಗಿಂತ ಎರಡು ಪಟ್ಟಿಗೂ ಮೇಲೆ ಬರುವುದುಂಟು. ಊಟದ ಕುರ್ಚಿ ಆರು, ಎಂಟು ಪೂರ್ತಿ ಇರಬೇಕು. ಐದಿದ್ದರೆ ಬೆಲೆ ಮುರಿಯುತ್ತದೆ. ಈಗಿನ ಮನೆಗೆ ಒಗ್ಗುವ ಅಳತೆ ಇರಬೇಕು. ಮುನೀಮರು ನೆಲದ ಮೇಲೆ ಕೂತು ಬರೆಯುತ್ತಿದ್ದ ಇಳಿಜಾರು ಡೆಸ್ಕು, ಸಣ್ಣ ಪೆಟ್ಟಿಗೆ, ತೂಗುಮಂಚ ಇವು ಬೇಗ ಹೋಗುತ್ತವೆ. ಫ್ಲ್ಯಾಟಿನಲ್ಲೂ ಹಿಡಿಸುತ್ತವೆ, ಹೋಟೆಲು, ರೆಸಾರ್ಟಿನವರೂ ಕೇಳುತ್ತಾರೆ.

6. ಬೀಳಿಸುವುದು ಏನು?

ಮನೆಗಳು ಸಣ್ಣವಾದದ್ದು ಮೊದಲ ಕಾರಣ. ಯೂರೋಪಿನಲ್ಲಿ ಭಾರದ, ಕಂದು ಬಣ್ಣದ ಹಳೆ ಸಾಮಾನಿಗೆ ‘ಕಂದು ಪೀಠೋಪಕರಣ’ ಅಂತಲೇ ಹೆಸರು. ಸುಮಾರು 2000ದಿಂದೀಚೆಗೆ ಅದರ ಬೆಲೆ ಅಲ್ಲಿ ಬಿದ್ದದ್ದಕ್ಕೆ ಕಟ್ಟಿಗೆ ಕಾರಣವಲ್ಲ. ಹನ್ನೆರಡು ಜನ ಕೂರುವ ಊಟದ ಕೋಣೆಯೇ ಇಲ್ಲವಾಯಿತು. ಬೆಳಗಾವಿಯ ಟಿಳಕವಾಡಿಯ ಹೊಸ ಫ್ಲ್ಯಾಟುಗಳಲ್ಲೂ ಇದೇ ಕಥೆ. ಏಳಡಿ ಕಪಾಟು ಲಿಫ್ಟಿಗೆ ಹೋಗುವುದಿಲ್ಲ, ಮೆಟ್ಟಿಲಿನ ತಿರುವಿನಲ್ಲಿ ತಿರುಗುವುದಿಲ್ಲ.

ಎರಡನೆಯದು ಒಮ್ಮೆಲೇ ಬಂದ ರಾಶಿ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾಗುವ ಮನೆಗಳನ್ನು ಬಾಗಲಕೋಟೆ ಭಾಗದಲ್ಲಿ ಬಿಚ್ಚಿದ ಕಾಲವನ್ನು ನೆನೆಸಿಕೊಳ್ಳಿ. ಬಾಗಿಲು, ಚೌಕಟ್ಟು, ಕಂಬ ಎಲ್ಲರ ಮನೆಯವೂ ಒಂದೇ ಹೊತ್ತಿಗೆ ಹೊರಬಿದ್ದರೆ ಯಾರಿಗೆ ಯಾವುದು ಅಪರೂಪ? ಹರಾಜಿನಲ್ಲೂ ಒಂದೇ ದಿನ ಆರು ಆರಾಮ ಕುರ್ಚಿ ಬಂದರೆ ಮೊದಲ ಎರಡಕ್ಕೆ ಬೆಲೆ ಇರುತ್ತದೆ, ಆರನೆಯದರ ಹೊತ್ತಿಗೆ ಗಿರಾಕಿಗಳು ಚಹಾ ಕುಡಿಯಲು ಎದ್ದಿರುತ್ತಾರೆ.

ಮೂರನೆಯದು ಹೊಸ ಪಾಲಿಶ್. ಇದಂತೂ ನನ್ನದೇ ತಪ್ಪು, ಹೇಳಿಬಿಡುತ್ತೇನೆ. ಮನೆಯ ಒಂದು ಸಾಗವಾನಿ ಕಪಾಟನ್ನು ಹರಾಜಿಗೆ ಕಳಿಸುವ ಮೊದಲು “ಚೆನ್ನಾಗಿ ಕಾಣಲಿ” ಅಂತ ಉಜ್ಜಿಸಿ ಮೆಲಮೈನ್ ಹೊಡೆಸಿದೆ. ಹೊಳೆಯಿತು. ನೋಡಲು ಬಂದ ಇಬ್ಬರೂ ಬೆರಳಾಡಿಸಿ ಹೋದರು, ಕೂಗು ಮೀಸಲು ಬೆಲೆಯ ಹತ್ತಿರಕ್ಕೂ ಬರಲಿಲ್ಲ. ನೂರು ವರ್ಷ ಕೈ, ಎಣ್ಣೆ, ಧೂಳು, ಬೆಳಕು ತಾಗಿ ಕಟ್ಟಿಗೆಯ ಮೈಗೆ ಬರುವ ಬಣ್ಣವನ್ನು ‘ಪಟಿನಾ’ ಅನ್ನುತ್ತಾರೆ. ಅದನ್ನು ಅರ್ಧ ದಿನದಲ್ಲಿ ಸ್ಯಾಂಡ್‌ಪೇಪರ್ ತಿಂದುಹಾಕುತ್ತದೆ, ಮರಳಿ ಬರುವುದಿಲ್ಲ. ಮೆತ್ತಗಿನ ಬಟ್ಟೆಯಿಂದ ಧೂಳು ಒರೆಸಿ, ಸಾಕು. ತೀರಾ ಬೇಕಾದರೆ ಅರಗಿನ ಹಳೆ ಫ್ರೆಂಚ್ ಪಾಲಿಶ್ ಗೊತ್ತಿರುವ ಬಡಿಗರನ್ನು ಕೇಳಿ.

ಕುಟ್ಟೆ ಹುಳ, ಗೆದ್ದಲು ಕೂಡ ಇದೇ ಸಾಲಿನವು. ಸಣ್ಣ ತೂತಿನ ಕೆಳಗೆ ತಾಜಾ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಇನ್ನೂ ಒಳಗಿದೆ. ತೂತು ಹಳೆಯದು, ಪುಡಿ ಇಲ್ಲ ಅಂದರೆ ಅಷ್ಟು ಹೆದರಬೇಕಿಲ್ಲ.

7. ಕೊಳ್ಳುವವರು ಸವಾಲಿನ ದಿನ ಮಾಡಬೇಕಾದದ್ದು

ಹಿಂದಿನ ದಿನವೇ ಹೋಗಿ ವಸ್ತು ನೋಡಿ. ಫೋಟೊ ನೋಡಿ ಕೂಗುವುದು ಜಾತಕ ನೋಡಿ ಮದುವೆಯಾದ ಹಾಗೆ. ಆನ್‌ಲೈನ್ ಆದರೆ ಬೆನ್ನು, ತಳ, ಡ್ರಾ ಒಳಗಿನ ಫೋಟೊಗಳನ್ನು ಕೇಳಿ ತರಿಸಿಕೊಳ್ಳಿ. ಕೊಡಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ. ನಿಮ್ಮ ಮನೆಯ ಬಾಗಿಲಿನ ಅಳತೆ ಬರೆದುಕೊಂಡು ಹೋಗಿ.

1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಗೊತ್ತಿರಲಿ. ಸುತ್ತಿಗೆ ಬೀಳುವವರೆಗೂ ನಿಮ್ಮ ಕೂಗನ್ನು ವಾಪಸ್ ತೆಗೆದುಕೊಳ್ಳುವ ಹಕ್ಕು ನಿಮಗಿದೆ. ಬಿದ್ದ ಮೇಲೆ ಇಲ್ಲ. ಮೊದಲೇ ಬಹಿರಂಗವಾಗಿ ಹೇಳದೆ ಮಾರುವವರು ತಾವೇ ಕೂಗುವಂತಿಲ್ಲ, ತಮ್ಮ ಕಡೆಯವರಿಂದ ಕೂಗಿಸುವಂತೆಯೂ ಇಲ್ಲ. ಬೆಲೆ ಏರಿಸಲು ಸುಳ್ಳು ಕೂಗು ಹಾಕಿಸಿದ್ದು ಸಾಬೀತಾದರೆ ಕೊಂಡವರು ಆ ಮಾರಾಟವನ್ನೇ ರದ್ದು ಮಾಡಬಹುದು. ಸಾಬೀತು ಮಾಡುವುದು ಸುಲಭವಲ್ಲ, ನಿಜ. ಆದರೆ ಗೋಡೆಯ ಮೂಲೆಯಲ್ಲಿ ನಿಂತವನೊಬ್ಬ ಪ್ರತಿ ವಸ್ತುವಿಗೂ ಏರಿಸಿ ಏರಿಸಿ ಕೊನೆಗೆ ಒಂದನ್ನೂ ಕೊಳ್ಳುತ್ತಿಲ್ಲ ಅಂದರೆ ನೀವು ಕೈ ಕಟ್ಟಿ ಕೂರುವುದು ವಾಸಿ.

ಇದರ ಉಲ್ಟಾ ಆಟವೂ ಇದೆ. ನಾಲ್ಕು ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಒಬ್ಬನೇ ಕೂಗುತ್ತಾನೆ, ಉಳಿದವರು ಸುಮ್ನೆ ಕೂರುತ್ತಾರೆ. ಆಮೇಲೆ ಹೊರಗೆ ಅವರವರಲ್ಲೇ ಇನ್ನೊಂದು ಸವಾಲು. ಇದಕ್ಕೆ ‘ರಿಂಗ್’ ಅನ್ನುತ್ತಾರೆ. ಎರಡನೆಯ ಮನುಷ್ಯನನ್ನು ಕೊಂದುಹಾಕುವ ಉಪಾಯ ಇದು. ಮಾರುವವರು ಇದರಿಂದ ತಪ್ಪಿಸಿಕೊಳ್ಳಲು ಇರುವ ಬೇಲಿ ಮೀಸಲು ಬೆಲೆಯೇ.

ಅಂಗೈ ಮೇಲಿನ ಅಂಕಿ ದಾಟಿದರೆ ನಿಲ್ಲಿಸಿ. “ಇನ್ನೊಂದೇ ಸಾವಿರ” ಅನ್ನುವ ಮಾತೇ ಜಾತ್ರೆಯ ಕಾಯಿಯನ್ನು ಲಕ್ಷಕ್ಕೆ ಒಯ್ಯುವುದು. ಅಲ್ಲಿಯಾದರೆ ಪುಣ್ಯವಾದರೂ ಬರುತ್ತದೆ.

8. ಮಾರುವವರು ಮಾಡಬೇಕಾದದ್ದು

ಮನೆ ಬಾಗಿಲಿಗೆ ಬಂದ ವ್ಯಾಪಾರಿ 22,000 ಕೊಡುತ್ತೇನೆ ಅಂದ. ಹರಾಜಿನಲ್ಲಿ 40,000 ಬರಬಹುದು. ಯಾವುದು ವಾಸಿ? ಇಲ್ಲೂ ಅಂಕಿ ಹಿಡಿದು ನೋಡೋಣ. ಮಾರುವವರ ಕಮಿಷನ್ ಶೇ 15 ಅಂದರೆ 6,000. ಅದರ ಮೇಲಿನ ತೆರಿಗೆ ಶೇ 18ರಂತೆ 1,080. ಹರಾಜುಮನೆಗೆ ಒಯ್ಯಲು 9,000. ಕೈಗೆ ಉಳಿಯುವುದು 23,920. ಅದೂ ಎರಡು ಮೂರು ತಿಂಗಳ ನಂತರ, ಹೋದರೆ. ಎರಡು ಸಾವಿರಕ್ಕಾಗಿ ಇಷ್ಟು ಓಡಾಟ ಬೇಕಾ? ನನ್ನನ್ನು ಕೇಳಿದರೆ, ಒಂದು ಲಕ್ಷದೊಳಗಿನ ಸಾಮಾನಿಗೆ ಮೂವರು ವ್ಯಾಪಾರಿಗಳನ್ನು ಬೇರೆ ಬೇರೆ ದಿನ ಮನೆಗೆ ಕರೆಸಿ. ಒಬ್ಬರ ಬೆಲೆ ಇನ್ನೊಬ್ಬರಿಗೆ ಹೇಳಿ. ಅದೂ ಒಂದು ಸವಾಲೇ, ಖರ್ಚಿಲ್ಲದ್ದು.

ಹರಾಜೇ ಅಂತ ತೀರ್ಮಾನಿಸಿದರೆ ಒಪ್ಪಂದವನ್ನು ಸಹಿಗೆ ಮುಂಚೆ ಓದಿ. ಕಮಿಷನ್, ಫೋಟೊ ಖರ್ಚು, ವಿಮೆ, ಮಾರಾಟವಾಗದಿದ್ದರೆ ವಾಪಸ್ ತರುವ ಖರ್ಚು, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ, ಎಲ್ಲ ಕಾಗದದಲ್ಲಿರಲಿ.

ಮೀಸಲು ಬೆಲೆ ತೀರಾ ಮೇಲಿಡಬೇಡಿ. ಅಜ್ಜನ ನೆನಪಿಗೆ ನೀವು ಬೆಲೆ ಕಟ್ಟುತ್ತೀರಿ, ಗಿರಾಕಿ ಕಟ್ಟುವುದಿಲ್ಲ. ಕಡಿಮೆ ಬೆಲೆಗೆ ಶುರುವಾದರೆ ನಾಲ್ಕು ಜನ ಕೈ ಎತ್ತುತ್ತಾರೆ, ಎತ್ತಿದವರಿಗೆ ಅದು ಆಗಲೇ ತಮ್ಮದು ಅನ್ನಿಸಲು ಹತ್ತುತ್ತದೆ. ಮೇಲಿನಿಂದ ಶುರುವಾದರೆ ಯಾರೂ ಮೊದಲು ಬಾಯಿ ತೆರೆಯುವುದಿಲ್ಲ. ಒಮ್ಮೆ ಮಾರಾಟವಾಗದೆ ವಾಪಸ್ ಬಂದ ವಸ್ತುವನ್ನು ‘ಸುಟ್ಟದ್ದು’ ಅನ್ನುತ್ತಾರೆ. ಆ ಸುದ್ದಿ ವ್ಯಾಪಾರಿಗಳ ನಡುವೆ ಬೇಗ ಹರಡುತ್ತದೆ. ಆಮೇಲೆ ಅದನ್ನು ಒಂದೆರಡು ವರ್ಷ ಮನೆಯಲ್ಲೇ ಇಟ್ಟು, ಬೇರೆ ಊರಿನ ಹರಾಜಿಗೆ ಕೊಡಿ. ಮುಂದಿನ ತಿಂಗಳೇ ಅಲ್ಲೇ ಮತ್ತೆ ಇಟ್ಟರೆ ಇನ್ನೂ ಕೆಳಗೆ ಹೋಗುತ್ತದೆ.

ಬೆಳಗಾವಿಯ ಮಳೆಗಾಲದಲ್ಲಿ ತೋರಿಸಬೇಡಿ. ಕಟ್ಟಿಗೆ ಉಬ್ಬಿ ಡ್ರಾ ಬಿಗಿಯಾಗಿರುತ್ತದೆ, ನೋಡಲು ಬಂದವರು ಎಳೆದು ಹಿಡಿಕೆಯನ್ನೇ ಕಿತ್ತಿಡುತ್ತಾರೆ. ದಸರಾ ದಾಟಲಿ.

9. ಮನೆಗೆ ತಂದ ಮೇಲೆ

ಕೊಂಕಣದ ಹಸಿ ಗಾಳಿಯಲ್ಲಿ ಬೆಳೆದ ಕಪಾಟನ್ನು ಏಪ್ರಿಲ್‌ನಲ್ಲಿ ನೇರ ವಿಜಯಪುರಕ್ಕೆ ತಂದು ಕಿಟಕಿ ಪಕ್ಕ ನಿಲ್ಲಿಸಿದರೆ ಹಲಗೆ ಸೀಳು ಬಿಡಬಹುದು. ತರುವುದಾದರೆ ಮಳೆಗಾಲದ ಕೊನೆಗೆ ತನ್ನಿ. ಬಿಸಿಲು ಬೀಳದ ಒಳಕೋಣೆಯಲ್ಲಿ, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ ಇಡಿ. ಕೂಲರಿನ ಗಾಳಿ ನೇರ ಬಡಿಯದಿರಲಿ. ತಿಂಗಳೊಪ್ಪತ್ತು ಡ್ರಾ, ಬಾಗಿಲು ಅರ್ಧ ತೆರೆದೇ ಇರಲಿ. ಬಡಿಗರನ್ನು ಕರೆಸುವುದು ಅದಾದ ಮೇಲೆ.